ತುಂಬಿದ ಗುರುತು

ಹೊಸ ಬ್ಯಾಟರಿಗೆ ಮೂರೂವರೆ ಲಕ್ಷ, ಕೂಡಿಸುವ ಕೂಲಿ ಬೇರೆ, ಅದು ಬರುವುದಕ್ಕೇ ಎರಡು ತಿಂಗಳು. ಕಾರನ್ನು ಇದ್ದ ಹಾಗೇ ಗುಜರಿಗೆ ಹಾಕಿದರೆ ಕೈಗೆ ಸಿಗುವುದು ಒಂದು ಲಕ್ಷದ ಎಂಬತ್ತು ಸಾವಿರ. ಕಮಲಾಪುರದಿಂದ ಹೊಸಪೇಟೆಯವರೆಗೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದ ಬಾಡಿಗೆ ಸಾವಿರದ ಇನ್ನೂರು. ಇಷ್ಟನ್ನೂ ಗಂಗಾ ಕಾರಿನಿಂದ ಇಳಿಯುವ ಮೊದಲೇ, ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ಈಗ ನೀವು ಹೇಳ್ರಿ ಮಾವ, ನಿಮ್ದೆಷ್ಟು?"

"ನಂದು ಒಂದು ಚಾ," ಅಂದ ಹಂಪಯ್ಯ. "ಇಳಿ ಮೊದ್ಲು. ನಿಮ್ಮತ್ತಿ ಒಲಿ ಮ್ಯಾಲ ಇಟ್ಟಾಳ."

ಸಂಡೂರು ರಸ್ತೆಗೆ ಮುಖ ಮಾಡಿದ ಆ ಅಂಗಡಿಯಲ್ಲಿ ಹಂಪಯ್ಯ ನಲವತ್ತು ವರ್ಷದಿಂದ ಬ್ಯಾಟರಿ ಚಾರ್ಜ್ ಮಾಡುತ್ತ ಬಂದಿದ್ದ. ಅದಿರು ಲಾರಿ, ಟ್ರ್ಯಾಕ್ಟರ್, ಆಟೊ, ಮನೆಗಳ ಇನ್ವರ್ಟರ್ ಹೀಗೆ ಸೀಸದ ಬ್ಯಾಟರಿ ಯಾವುದೇ ಇರಲಿ, ಮುಚ್ಚಳ ತೆಗೆದು ಒಳಗೆ ಇಣುಕಿ ಅದರ ಆಯಸ್ಸು ಹೇಳುತ್ತಿದ್ದ. ಅವನ ಅಂಗಿಗಳಲ್ಲಿ ಆ್ಯಸಿಡ್ ಹಾರಿ ತೂತಾಗದ ಅಂಗಿ ಒಂದೂ ಇರಲಿಲ್ಲ. ಅಂಗಡಿಯ ಹಿಂದೆ ಬೇವಿನ ಮರದ ಅಂಗಳ, ಅಂಗಳದ ಆಚೆ ಮನೆ. ಗಂಗಾ ಅವನ ಹೆಂಡತಿ ಜಂಬವ್ವನ ತಮ್ಮನ ಮಗಳು.

ಗಂಗಾಳದಂಥ, ಪೆಟ್ರೋಲು ಕರೆಂಟು ಎರಡರಲ್ಲೂ ಓಡುವ ಹೈಬ್ರಿಡ್ ಕಾರಿನ ಹಿಂದಿನ ಸೀಟಿನ ಬೆನ್ನಿಗೆ ಇನ್ನೊಂದು ದೊಡ್ಡ ಬ್ಯಾಟರಿ ಇರುತ್ತದೆ, ಅದು ಕೂತರೆ ಕಾರೇ ಕೂರುತ್ತದೆ ಎನ್ನುವುದು ಹಂಪಯ್ಯನಿಗೆ ಕೇಳಿ ಗೊತ್ತಿತ್ತು. ಕಣ್ಣಾರೆ ಕಂಡಿರಲಿಲ್ಲ. ಹಾಗಂತ ಹೇಳುವ ಜಾಯಮಾನ ಅವನದಲ್ಲ.

ಗಂಗಾ ಆ ಕಾರನ್ನು ಕೊಂಡದ್ದು ನಾಲ್ಕು ವರ್ಷದ ಹಿಂದೆ, ಸೆಕೆಂಡ್ ಹ್ಯಾಂಡಿನಲ್ಲಿ. ಅದಕ್ಕೂ ಮುಂಚೆ ಕಮಲಾಪುರದ ತೋಟಗಳಲ್ಲಿ ಬಾಳೆಗೊನೆ ಹೊತ್ತು ಲಾರಿಗೆ ತುಂಬುವ ಕೂಲಿ. ಕಾರು ಬಂದ ಮೇಲೆ ಹಂಪಿ ನೋಡಲು ಬರುವ ಹೆಂಗಸರ ಗುಂಪುಗಳಿಗೆ ಅವಳೇ ಬೇಕು ಎನ್ನುವಂತಾಗಿತ್ತು. ಸದ್ದಿಲ್ಲದ ಕಾರು, ಹೆಣ್ಣು ಡ್ರೈವರು. ವಯಸ್ಸಾದವರಿಗೆ ಕೈಕೊಟ್ಟು ಇಳಿಸುತ್ತಿದ್ದಳು, ಮಂಟಪದ ನೆರಳಿನಲ್ಲಿ ಕೂರಿಸಿ ನೀರು ಕೊಡುತ್ತಿದ್ದಳು. ಈಗ ದೀಪಾವಳಿ ಮುಗಿದರೆ ಸೀಜನ್ನು. ಅವಳಿಗೆ ಪ್ರವಾಸಿಗರನ್ನು ಒಪ್ಪಿಸುತ್ತಿದ್ದ ಹೋಟೆಲಿನ ಮ್ಯಾನೇಜರ್ ಮೇಡಂ ಆಗಲೇ ಎರಡು ಸಲ ಫೋನ್ ಮಾಡಿದ್ದರು.

ಟ್ರ್ಯಾಕ್ಟರಿನ ಹಿಂದೆಯೇ ಬೈಕಿನಲ್ಲಿ ಬಂದ ಅವಳ ಗಂಡ ಗಾದಿಲಿಂಗ, ಹೆಲ್ಮೆಟ್ ತೆಗೆಯದೇ ನಿಂತಿದ್ದ. ಅವನು ಅದಿರು ಲಾರಿ ಓಡಿಸುವವನು.

"ಮಾವ, ನೀವು ಕೈ ಹಾಕಬ್ಯಾಡ್ರಿ. ಕಂಪ್ಲಿ ಗುಜರಿ ಮನೋಹರಗ ಮಾತು ಕೊಟ್ಟೀನಿ. ಪಾಡ್ಯದ ಮರುದಿನ ಬಂದು ಕಾರು ಎಳಕೊಂಡು ಹೋಗ್ತಾನ. ಬಿಚ್ಚಿ ಕೂಡಿಸಾಕ ಬರಲಿಲ್ಲಂದ್ರ ಅವನೂ ಒಯ್ಯಂಗಿಲ್ಲ."

"ನನ್ನ ಕಾರಿಗೆ ನೀ ಯಾಕ ಮಾತು ಕೊಟ್ಟಿ?" ಗಂಗಾ ತಿರುಗಿದಳು.

"ಕಾರು ನಿಂದು. ಎಳಿಸೋದು, ದೂಡೋದು ನಂದು."

"ಪಾಡ್ಯ ಇನ್ನೂ ದೂರ ಐತಿ, ಅಳಿಯಾ," ಅಂದ ಹಂಪಯ್ಯ. "ಹೆಲ್ಮೆಟ್ಟು ತೆಗಿ. ಮನಿ ಒಳಗ ಏನೂ ತಲಿ ಮ್ಯಾಲ ಬೀಳಂಗಿಲ್ಲ."

ಗಂಗಾ ಚಹಾದ ಲೋಟ ಹಿಡಿದು ಕಾರನ್ನೇ ನೋಡುತ್ತ ಹೇಳಿದಳು: "ಇದು ಹೋದ್ರ ನಾನು ಮತ್ತ ಗೊನಿ ಹೊರಾಕ ಹೋಗಬೇಕು ಮಾವ. ಹೊರಾಕ ನಾಚಿಕಿ ಇಲ್ಲ. ಆದ್ರ ಸ್ಟೀರಿಂಗು ಹಿಡಿದ ಮ್ಯಾಲ ಹೆಗಲು ಒಲ್ಲೆ ಅಂತೈತಿ."

ಹಂಪಯ್ಯ ಚಹಾ ಕುಡಿದು ಲೋಟ ಕೆಳಗಿಟ್ಟ. "ಇಲ್ಲೇ ಬಿಡು," ಅಂದ.

*

ಮನೆಯ ಮಾಳಿಗೆಯ ಮೇಲೆ ಭವ್ಯ ಬಾಡಿಗೆಗಿದ್ದಳು. ಡ್ಯಾಮಿನ ಪವರ್ ಹೌಸಿನಲ್ಲಿ ಎಂಜಿನಿಯರು. ಸುದ್ದಿ ಕೇಳಿ ಇಳಿದು ಬಂದವಳು ಮೊದಲು ನೋಡಿದ್ದು ಕಾರನ್ನಲ್ಲ, ಹಂಪಯ್ಯನ ಕೈಯನ್ನು.

"ಅಂಕಲ್, ಆ ಕಡಗ ತೆಗೀರಿ. ಉಂಗುರಾನೂ. ನಿಮ್ಮ ಲಾರಿ ಬ್ಯಾಟರಿ ಹನ್ನೆರಡು ವೋಲ್ಟು. ಇದು ಇನ್ನೂರಾ ನಲವತ್ತು. ಹಿಡಕೊಂಡ್ರ ಬಿಡಂಗಿಲ್ಲ."

"ಮದುವ್ಯಾಗ ಹಾಕಿದ ಕಡಗ ಇದು. ಬರಂಗಿಲ್ಲವ್ವ."

"ಹಾಕ್ಸಿದವರು ನಮ್ಮಪ್ಪ, ತೆಗಿಯಾಕಿ ನಾನು. ಕೈ ಕೊಡ್ರಿ ಇತ್ಲಾಗ," ಎಂದು ಜಂಬವ್ವ ಸಾಬೂನು ನೊರೆ ಹಚ್ಚಿ, ಗಂಡ ಹಲ್ಲು ಕಚ್ಚಿದರೂ ಬಿಡದೆ, ಬೆಳ್ಳಿ ಕಡಗವನ್ನು ಎಳೆದೇ ತೆಗೆದಳು. ಮಣಿಕಟ್ಟಿನಲ್ಲಿ ಬಿಳಿಯ ಬಳೆಯಂಥ ಗುರುತು ಉಳಿಯಿತು.

ಪವರ್ ಹೌಸಿನವರು ಹಾಕುವ ದಪ್ಪ ರಬ್ಬರ್ ಕೈಗವಸುಗಳನ್ನು ಭವ್ಯ ತಂದಿದ್ದಳು. ಸೀಟು ಬಿಚ್ಚಿ, ಬ್ಯಾಟರಿ ಪೆಟ್ಟಿಗೆಯ ಮಗ್ಗುಲಿನ ಕಿತ್ತಳೆ ಬಣ್ಣದ ಪ್ಲಗ್ ಎಳೆದರೆ ಪೆಟ್ಟಿಗೆಗೂ ಕಾರಿಗೂ ಸಂಬಂಧ ಕಡಿದ ಹಾಗೆ. ಯಾರೋ ಮರೆತು ಅದನ್ನು ಮತ್ತೆ ತೂರಿಸಿಬಿಟ್ಟರೆ ಜೀವಕ್ಕೇ ಬರುತ್ತದೆ. ಅದಕ್ಕೆ ಪ್ಲಗ್ ಜವಾಬ್ದಾರಿ ಒಬ್ಬರ ಹತ್ತಿರವೇ ಇರಬೇಕು ಎಂದಳು ಭವ್ಯ. ಅದು ಜಂಬವ್ವನ ಎಲೆಯಡಿಕೆ ಚೀಲ ಸೇರಿತು. ಆ ಚೀಲಕ್ಕೆ ಕೈ ಹಾಕುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಪ್ಲಗ್ ತೆಗೆದ ಮೇಲೂ ಒಳಗಿನ ಕರೆಂಟು ಇಳಿಯಲಿ ಎಂದು ಭವ್ಯ ಎಲ್ಲರನ್ನೂ ಸುಮ್ಮನೆ ಕೂರಿಸಿದಳು. ಕೂತರು. ಮೀಟರ್ ಇಟ್ಟು ನೋಡಿದ ಮೇಲೇ ಸ್ಪ್ಯಾನರ್ ಕೈಗೆ ಬಂತು.

ಪೆಟ್ಟಿಗೆಗೆ ಗಾಳಿ ಹಾಕುವ ಸಣ್ಣ ಫ್ಯಾನು ಮೊದಲು ಹೊರಬಂತು. ಅದರ ರೆಕ್ಕೆಗಳು ಕಾಣುತ್ತಲೇ ಇರಲಿಲ್ಲ. ಕುಂಕುಮದಂಥ ಕೆಂಪು ಧೂಳು ಹೆಪ್ಪುಗಟ್ಟಿ ಕೂತಿತ್ತು.

"ಸಂಡೂರು ಮಣ್ಣು," ಅಂದ ಹಂಪಯ್ಯ. "ಉಸಿರು ಕಟ್ಟಿ ಸತ್ತೈತಿ ಇದು."

ಗಂಗಾ ಗಂಡನ ಕಡೆ ನೋಡಿದಳು. "ನೀ ಲಾರಿ ತುಂಬ ಚೆಲ್ಲಿಕೋತ ಹೋಗೋದು, ನನ್ನ ಕಾರು ತಿನ್ನಕೋತ ಬರೋದು. ಚಲೋ ಸಂಸಾರ ನಮ್ದು."

ಒಳಗೆ ಮೂವತ್ತನಾಲ್ಕು ಮಾಡ್ಯೂಲುಗಳು ಸಾಲಾಗಿ ನಿಂತಿದ್ದವು. ಒಂದೊಂದೂ ಒಂದೂವರೆ ಗೇಣು ಉದ್ದದ, ಪಾಟಿಯಷ್ಟು ದಪ್ಪದ ಕರಿ ಹಲಗೆ. ಏಳು ವೋಲ್ಟಿನ ಪುಟ್ಟ ಬ್ಯಾಟರಿ ಒಂದೊಂದೂ. ಜಂಬವ್ವ ಮೊದಲ ದಿನದಿಂದ ಅವನ್ನು ಹಲಗಿ ಎಂದೇ ಕರೆದಳು, ಉಳಿದವರೂ ಹಾಗೇ ಕರೆಯತೊಡಗಿದರು. ಅಳೆದು ನೋಡಿದರೆ ಗಾಳಿಯೇ ತಲುಪದ ನಡುವಿನ ಮೂರು ಹಲಗೆ ಪೂರ್ತಿ ಸತ್ತಿದ್ದವು. ಉಳಿದವು ಸತ್ತಿರಲಿಲ್ಲ, ಸೊರಗಿದ್ದವು. ಒಂದಕ್ಕೆ ಹೆಚ್ಚು ಶಕ್ತಿ, ಇನ್ನೊಂದಕ್ಕೆ ಕಡಿಮೆ. ಒಂದೇ ನೊಗಕ್ಕೆ ಕಟ್ಟಿದ ಮೇಲೆ ಸೋತದ್ದೇ ಎಲ್ಲವನ್ನೂ ನಿಲ್ಲಿಸುತ್ತದೆ. ಪ್ರತಿಯೊಂದನ್ನೂ ತುಂಬಿಸಿ, ಬರಿದು ಮಾಡಿ, ಮತ್ತೆ ತುಂಬಿಸಿ, ಹೀಗೆ ಎರಡು ಮೂರು ಸುತ್ತು ಮಾಡಿದರೆ ಹಳೆಯ ಕಸುವು ಬಹುಪಾಲು ಮರಳುತ್ತದೆ. ಸತ್ತ ಮೂರಕ್ಕೆ ಬದಲಿ ಆಮೇಲೆ ಹುಡುಕಿದರಾಯಿತು.

ಭವ್ಯ ಗೆಳೆಯನೊಬ್ಬನಿಂದ ನಾಲ್ಕು ಸಣ್ಣ ಚಾರ್ಜರು ತಂದುಕೊಟ್ಟಳು. ಆಟದ ವಿಮಾನ ಹಾರಿಸುವವರ ಚಾರ್ಜರು ಅವು. ಡ್ಯೂಟಿಗೆ ಹೊರಡುವ ಅವಸರದಲ್ಲಿ ಬಾಗಿಲಲ್ಲಿ ನಿಂತು ಹೇಳಿದಳು: "ಬಯಲಾಗ ಮಾಡ್ರಿ, ಕಲ್ಲಿನ ಮ್ಯಾಲ. ಎರಡು ಮರದ ಹಲಗಿ ನಡುವ ಇಟ್ಟು ಬೋಲ್ಟ್ ಬಿಗೀರಿ, ಇಲ್ಲಂದ್ರ ಹೊಟ್ಟಿ ಉಬ್ಬತಾವ. ಒಂದು ಚಾರ್ಜರಿಗೆ ಒಂದೇ. ಮುಟ್ಟಿ ನೋಡ್ತಾ ಇರ್ರಿ, ಬಿಸಿ ಆದ್ರ ನಿಲ್ಲಿಸ್ರಿ. ಮತ್ತ ಅಂಕಲ್, ತುಂಬಿದಾಗ ಇದರ ವೋಲ್ಟು..."

"ಗೊತ್ತವ್ವ," ಅಂದ ಹಂಪಯ್ಯ. "ನಲವತ್ತು ವರ್ಷ ಇದನ್ನ ಮಾಡೀನಿ. ನಿನ್ನ ಬಸ್ಸು ಹೋಗ್ತೈತಿ."

*

ಸಣ್ಣ ಚಾರ್ಜರು ಎರಡು ದಿನ ನಡೆದವು. ಹಂಪಯ್ಯನಿಗೆ ಅವುಗಳ ನಿಧಾನ ಸಹಿಸಲಾಗಲಿಲ್ಲ. ಒಂದು ಹಲಗೆಗೆ ಅರ್ಧ ದಿನ. ಮಾತೆತ್ತಿದರೆ ಪೀಂ ಪೀಂ ಎಂದು ಕೂಗಿ ತಾವೇ ನಿಂತುಬಿಡುವುದು. ಒಂದು ಕೆಲಸವನ್ನು ಎಲ್ಲಿಗೆ ನಿಲ್ಲಿಸಬೇಕೆಂದು ಯಂತ್ರ ತನಗೆ ಹೇಳುವುದೇ ಅವನಿಗೆ ಸೇರಲಿಲ್ಲ. ಮೂರನೆಯ ದಿನ ನಾಲ್ಕು ಒಳ್ಳೆಯ ಹಲಗೆಗಳನ್ನು ಸಾಲಾಗಿ ಜೋಡಿಸಿ, ಅಂಗಡಿಯ ದೊಡ್ಡ ಚಾರ್ಜರಿನ ವೈರು ಎಳೆದುಕೊಂಡ. ಆ ಚಾರ್ಜರು ಅವನ ಮದುವೆಗಿಂತ ಹಳೆಯದು. ಅದರ ವೋಲ್ಟ್ ಮೀಟರಿನ ಮುಳ್ಳು ಅಲುಗಿದರೆ ಸಾಕು, ಏನಾಗುತ್ತಿದೆ ಎಂದು ಅವನಿಗೆ ತಿಳಿಯುತ್ತಿತ್ತು.

ಸೀಸದ ಬ್ಯಾಟರಿ ತುಂಬಿದಾಗ ಮುಚ್ಚಳದ ತೂತುಗಳಲ್ಲಿ ನೀರು ಕುದಿಯುತ್ತದೆ. ಆ ಗುಳುಗುಳು ಸದ್ದು ಕೇಳಿಕೊಂಡೇ ಅವನು ಮುದುಕನಾಗಿದ್ದ. ಈ ಹಲಗೆಗಳಿಗೆ ತೂತೂ ಇಲ್ಲ, ಸದ್ದೂ ಇಲ್ಲ. ಉಳಿದದ್ದು ಮುಳ್ಳು ಒಂದೇ. ಮುಳ್ಳು ಏರಿತು, ಏರಿತು, ಒಂದು ಕಡೆ ನಿಂತಿತು. ಆಮೇಲೆ ಕೂದಲೆಳೆಯಷ್ಟು ಕೆಳಗಿಳಿಯಿತು.

ಅವನ ಕಸುಬಿನಲ್ಲಿ ಇಳಿಯುವ ಮುಳ್ಳಿಗೆ ಒಂದೇ ಅರ್ಥ. ಹೊಟ್ಟೆ ಇನ್ನೂ ತುಂಬಿಲ್ಲ, ಇನ್ನಷ್ಟು ಬೇಕು. ಹಂಪಯ್ಯ ಗುಂಡಿಯನ್ನು ಒಂದು ಹಲ್ಲು ಮೇಲಕ್ಕೆ ತಿರುಗಿಸಿದ. ಮುಟ್ಟಿ ನೋಡಿದ. ಬೆಚ್ಚಗಿತ್ತು. ಸೀಸದ ಬ್ಯಾಟರಿಯೂ ಬೆಚ್ಚಗಾಗುತ್ತದಲ್ಲ. ಅಷ್ಟರಲ್ಲಿ ಅಂಗಡಿಯ ಮುಂದೆ ಆಟೊದವನು ಕೂಗಿದ. ಅವನ ಬ್ಯಾಟರಿಗೆ ನೀರು ಹಾಕಿ, ಅವನ ಮಾವನ ಮನೆಯ ಜಗಳ ಕೇಳಿ ತಿರುಗುವ ಹೊತ್ತಿಗೆ ಅಂಗಳದಿಂದ ಜಂಬವ್ವನ ದನಿ ಬಂತು.

"ಏನ್ರೀ! ನಿಮ್ಮ ಹಲಗಿ ಕಜ್ಜಾಯ ಆಗ್ಯಾವ!"

ಹಂಪಯ್ಯ ಓಡಿ ಬರುವುದರೊಳಗೆ ಅವಳು ಗೋಡೆಯ ಮೇನ್ ಸ್ವಿಚ್ ಎಳೆದು, ಒಗೆದ ಬಟ್ಟೆ ಅಲ್ಲೇ ಬಿಟ್ಟು ದೂರ ಸರಿದಿದ್ದಳು. ನಾಲ್ಕು ಹಲಗೆಗಳೂ ಹೊಟ್ಟೆ ಉಬ್ಬಿಸಿ ಬೋಲ್ಟನ್ನೇ ಬಗ್ಗಿಸಿದ್ದವು. ಒಂದರ ಸಂದಿಯಿಂದ ಸಣ್ಣಗೆ ಸುಯ್ ಎಂದು ಉಸಿರು ಹೊರಡುತ್ತಿತ್ತು. ಸುಟ್ಟ ರಬ್ಬರಿನಂಥ ವಾಸನೆ. ಹಂಪಯ್ಯ ಮುಂದೆ ಹೆಜ್ಜೆ ಇಟ್ಟ.

"ಮುಟ್ಟಬ್ಯಾಡ್ರಿ! ಅದು ಹೋದ್ರ ಹೋಗ್ಲಿ, ಕಣ್ಣು ಇನ್ನೊಂದು ಜೋಡಿ ಇಲ್ಲ ನಿಮ್ಗ."

ಇಬ್ಬರೂ ಬೇವಿನ ಮರದಡಿ ನಿಂತು, ಅವು ತಣ್ಣಗಾಗುವವರೆಗೆ ನೋಡಿದರು. ಬೆಂಕಿ ಹತ್ತಲಿಲ್ಲ. ಸಂಜೆ ಭವ್ಯ ಬಂದು ಅಳೆದಳು. ನಾಲ್ಕೂ ಹೋಗಿದ್ದವು. ಮೊದಲೇ ಸತ್ತ ಮೂರು ಸೇರಿ ಏಳು ಕಡಿಮೆ. ಏಳು ಹಲಗೆ ಕಡಿಮೆಯಾದರೆ ಕಾರು ಮಿಸುಕುವುದೂ ಇಲ್ಲ.

ಭವ್ಯ ಬೈಯಲಿಲ್ಲ. "ಅವತ್ತು ಅದನ್ನ ಹೇಳಾಕ ಬಂದಿದ್ದೆ ಅಂಕಲ್. ಇದು ತುಂಬಿದ ಗುರುತು ಬ್ಯಾರೆ. ವೋಲ್ಟು ಏರಿ ಏರಿ, ತುಂಬಿದ ಕೂಡ್ಲೇ ಒಂಚೂರು ಇಳಿತೈತಿ. ಇಳಿದಾಗ ನಿಲ್ಲಿಸಬೇಕು."

"ಇಳಿದಾಗ ನಾನು ಜಾಸ್ತಿ ಮಾಡಿದೆ," ಅಂದ ಹಂಪಯ್ಯ.

ಜಂಬವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಹೊಟ್ಟಿ ತುಂಬಿದ ಕೂಸು ಬಾಯಿ ಆ ಕಡೆ ತಿರುವತೈತಿ. ನೀವು ಹಿಡಕೊಂಡು ತುರುಕಿದ್ರಿ. ಕಕ್ಕತೋ ಇಲ್ಲೋ?"

ಹಂಪಯ್ಯ ಎದ್ದು ಹೋಗಿ ದೊಡ್ಡ ಚಾರ್ಜರಿನ ವೈರು ಸುತ್ತಿಟ್ಟ.

ಮರುದಿನ ಗಂಗಾ ಬಂದಾಗ ಅವನು ಉಬ್ಬಿದ ನಾಲ್ಕು ಹಲಗೆಗಳನ್ನು ಮುಚ್ಚಿಡದೆ ಕಲ್ಲಿನ ಮೇಲೇ ಇಟ್ಟಿದ್ದ. ಆದದ್ದನ್ನು ಆದ ಹಾಗೇ ಹೇಳಿದ. ಗಂಗಾ ಹಳೆಯ ಲಾರಿ ಟೈರಿನ ಮೇಲೆ ಕೂತಳು.

"ಅವನು ಕೈ ಹಾಕಬ್ಯಾಡ್ರಿ ಅಂದಾಗ ನಾನು ನಿಮ್ಮ ಕಡಿ ಮಾತಾಡಿದ್ದೆ ಮಾವ."

"ಹೂಂ."

"ಈಗ ಮನಿಗಿ ಹೋಗಿ ಏನು ಹೇಳ್ಲಿ?"

ಹಂಪಯ್ಯ ಕಡಗವಿಲ್ಲದ ಮಣಿಕಟ್ಟು ಸವರಿಕೊಂಡ. ಗಂಗಾ ಎದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಆಗ್ಲಿ. ಅಳೋದು ಪಾಡ್ಯ ಆದ ಮ್ಯಾಲ ನೋಡ್ಕಳ್ಳಾಣು. ಈ ಹಲಗಿ ಎಲ್ಲಿ ಸಿಗತಾವ ಹೇಳ್ರಿ."

"ಇಂಥ ಕಾರು ಸತ್ತಲ್ಲಿ ಸಿಗತಾವ," ಅಂದ ಹಂಪಯ್ಯ. ಹೇಳುತ್ತಿದ್ದ ಹಾಗೇ ಅವನ ಮುಖ ನಿಧಾನಕ್ಕೆ ಮೇಲೆದ್ದಿತು. "ಇಂಥ ಕಾರು ಸತ್ರ ಎಲ್ಲಿ ಹೋಗತಾವ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಜಂಬವ್ವ ಒಳಗಿನಿಂದ ಅಂದಳು: "ಕಂಪ್ಲಿ ಬಸ್ಸಿಗೆ ಚಿಲ್ಲರ ಇಟಗೊಳ್ರಿ. ಆ ಕಂಡಕ್ಟರು ಭಾಳ ಒದರಾಡ್ತಾನ."

*

ಕಂಪ್ಲಿಯ ಹೊರಗೆ, ಕಬ್ಬಿನ ಗದ್ದೆಗೆ ತಾಗಿದ ಬಯಲಿನಲ್ಲಿ ಮನೋಹರನ ಗುಜರಿ. ಬಸ್ಸಿನ ಎಲುಬು, ಟ್ರ್ಯಾಕ್ಟರಿನ ಮೂತಿ, ಬಾಗಿಲಿಲ್ಲದ ಜೀಪುಗಳ ನಡುವೆ ಗಂಗಾಳ ಕಾರಿನದೇ ಜಾತಿಯ ಬಿಳಿ ಕಾರೊಂದು ಬಿದ್ದಿತ್ತು. ಸೇತುವೆಗೆ ಗುದ್ದಿ ಮುಂಭಾಗ ಮುದ್ದೆಯಾಗಿತ್ತು, ಹಿಂಭಾಗಕ್ಕೆ ಗೀರೂ ಆಗಿರಲಿಲ್ಲ.

ಮನೋಹರ ಕುರ್ಚಿ ಹಾಕಿಸಿ, ಕಬ್ಬಿನ ಹಾಲು ತರಿಸಿದ. ನಲವತ್ತರ ಆಳು. ನಗುತ್ತಲೇ ಲೆಕ್ಕ ಹಾಕುವವನು.

"ಆ ಬ್ಯಾಟರಿ ಬೇಕಾ ಹಂಪಯ್ಯಣ್ಣ? ನಾ ಯಾಕ ಕೊಡ್ಲಿ? ಕೊಟ್ರ ಇವರ ಕಾರು ಓಡತೈತಿ. ಓಡಿದ್ರ ನಂಗ ಬರಂಗಿಲ್ಲ. ನನ್ನ ಚೂರಿ ತಗೊಂಡು ನನ್ನ ಹಗ್ಗನೇ ಕೊಯ್ಯಾಕ ಬಂದೀರಿ."

"ಹೌದಪ್ಪ, ಅದಕ್ಕೇ ಬಂದೀನಿ," ಅಂದ ಹಂಪಯ್ಯ. "ಒಂದು ಮಾತು ಕೇಳ್ತೀನಿ. ಆ ಪೆಟ್ಟಿಗಿ ವರ್ಷದಿಂದ ಬಿದ್ದೈತಿ. ಯಾಕ ಮಾರಿಲ್ಲ?"

"ಯಾರು ತಗೊಂತಾರ? ಒಳಗ ಸೀಸ ಇಲ್ಲ ಅಂತ ಸೀಸದವರು ಒಲ್ಲೆ ಅಂತಾರ. ಬಿಚ್ಚಾಕ ಹುಡುಗ್ರು ಹೆದರ್ತಾರ."

"ಅದರಾಗ ಅರ್ಧಕ್ಕಿಂತ ಹೆಚ್ಚು ಹಲಗಿ ಜೀವಂತ ಅದಾವ. ಯಾವ್ದು ಜೀವಂತ, ಯಾವ್ದು ಸತ್ತೈತಿ ಅಂತ ಹೇಳೋ ಮನಷಾ ನಿನ್ನ ಹತ್ರ ಇಲ್ಲ. ಹೇಳಿದ್ರ ಒಂದೊಂದು ಹಲಗಿನೂ ಮಾರಬಹುದು. ಇನ್ನು ಮುಂದ ಇಂಥ ಕಾರು ಹೆಚ್ಚು ಬರ್ತಾವೋ ಕಡಿಮಿ ಬರ್ತಾವೋ, ನೀನಾ ಹೇಳು."

ಮನೋಹರ ಕಬ್ಬಿನ ಹಾಲಿನ ಗ್ಲಾಸನ್ನು ತಿರುಗಿಸುತ್ತ ಕೂತ.

"ಪೆಟ್ಟಿಗಿ ನಂಬಿಕಿ ಮ್ಯಾಲ ಕೊಡು. ಪಾಡ್ಯದ ಮರುದಿನ ನೀ ಬಂದಾಗ ಕಾರು ಓಡಲಿಲ್ಲ ಅಂದ್ರ ಕಾರೂ ನಿಂದು, ಪೆಟ್ಟಿಗಿನೂ ವಾಪಸ್. ಓಡಿದ್ರ ಗಾದಿಲಿಂಗ ಕೊಟ್ಟ ಮಾತು ನೀ ಬಿಡಬೇಕು. ಮುಂದ ನಿನಗ ಬರೋ ಮೊದಲ್ನೇ ಎರಡು ಪೆಟ್ಟಿಗಿ ನಾ ಕೂಲಿ ಇಲ್ಲದ ಸರಿ ಮಾಡಿಕೊಡ್ತೀನಿ. ಆಮ್ಯಾಲಿಂದ ಕೂಲಿ."

"ಮತ್ತ ನೀವು ನಾಲ್ಕು ಸುಟ್ಟೀರಿ ಅಂತ ಕೇಳಿದ್ನಲ್ಲ?"

ಸುದ್ದಿ ಅವರಿಗಿಂತ ಮೊದಲ ಬಸ್ಸಿನಲ್ಲೇ ಕಂಪ್ಲಿ ಸೇರಿತ್ತು. ಗಂಗಾ ತಲೆ ತಗ್ಗಿಸಿದಳು. ಹಂಪಯ್ಯ ತಗ್ಗಿಸಲಿಲ್ಲ.

"ಸುಟ್ಟೀನಿ. ಅದಕ ಐದನೇದು ಸುಡಂಗಿಲ್ಲ. ಒಂದೂ ಸುಡದವನ ಹತ್ರ ಕೊಟ್ಟು ನೋಡು ಬೇಕಾದ್ರ."

ಮನೋಹರ ಜೋರಾಗಿ ನಕ್ಕ. ನಕ್ಕವನು ಕೆಲಸದವರನ್ನು ಕೂಗಿ ಪೆಟ್ಟಿಗೆಯನ್ನು ಟಂಟಂ ಆಟೊಗೆ ಹಾಕಿಸಿದ.

*

ಆಮೇಲೆ ಅಂಗಳದಲ್ಲಿ ನಡೆದ ಕೆಲಸವನ್ನು ನೋಡಲು ಓಣಿಯವರೆಲ್ಲ ಒಂದೊಂದು ನೆಪ ಮಾಡಿಕೊಂಡು ಬಂದರು. ಕಲ್ಲುಬಂಡೆಯ ಮೇಲೆ ಮರದ ದಪ್ಪ ಹಲಗೆಗಳ ನಡುವೆ ಬಿಗಿಸಿದ ಕರಿ ಹಲಗೆಗಳು, ಒಂದೊಂದಕ್ಕೂ ಅದರದೇ ಸಣ್ಣ ಚಾರ್ಜರು. ಪಕ್ಕದಲ್ಲಿ ಟೇಬಲ್ ಫ್ಯಾನು, ಅದರಾಚೆ ಎರಡು ಬಕೆಟ್ ಮರಳು. ತುಂಬಿದ್ದನ್ನು ಬರಿದು ಮಾಡಲು ಹಂಪಯ್ಯ ಲಾರಿಯ ಹಳೆಯ ಹೆಡ್‌ಲೈಟ್ ಬಲ್ಬುಗಳನ್ನು ಕಟ್ಟಿದ್ದ. ಹಾಡುಹಗಲೇ ಅಂಗಳದಲ್ಲಿ ದೀಪಗಳು ಉರಿಯುತ್ತಿದ್ದವು. ಪೂರ್ತಿ ಬರಿದಾದರೂ ಹಲಗೆ ಕೆಡುತ್ತದೆ. ಆರು ವೋಲ್ಟಿಗೆ ಇಳಿದ ಕೂಡಲೇ ದೀಪ ಕೀಳಬೇಕು.

"ದೀಪಾವಳಿ ಇನ್ನೂ ಬಂದಿಲ್ಲೋ ಹಂಪಯ್ಯ," ಎಂದು ಹಾದುಹೋಗುವವರು ಚುಡಾಯಿಸಿದರು.

"ನಮ್ಮ ಮನ್ಯಾಗ ಬಂದೈತಿ. ನೀ ಎಣ್ಣಿ ಹಚ್ಕೊಂಡು ಬಾ," ಎನ್ನುತ್ತಿದ್ದ.

ಈ ಸಲ ಅವನು ಅಂಗಡಿಗೆ ಹೋಗಲಿಲ್ಲ. ಗಿರಾಕಿಗಳನ್ನು ಜಂಬವ್ವನೇ ನೋಡಿಕೊಂಡಳು. ಹಂಪಯ್ಯ ಸ್ಟೂಲಿನ ಮೇಲೆ ಕೂತು, ಕೈಗವಸು ತೆಗೆದ ಕೈಯ ಒಂದು ಬೆರಳನ್ನು ಹಲಗೆಯ ಪ್ಲಾಸ್ಟಿಕ್ ಮೈಗೆ ತಾಗಿಸಿ, ಕಣ್ಣನ್ನು ಅಂಕಿಯ ಮೇಲಿಟ್ಟು ಕಾದ. ಎಂಟೂವರೆ. ಎಂಟು ಅರವತ್ತು. ಎಂಟು ಎಪ್ಪತ್ತು. ಅಲ್ಲೇ ನಿಂತಿತು. ಮೈ ಆಗ ತಾನೇ ಬೆಚ್ಚಗಾಗಲು ಹವಣಿಸುತ್ತಿತ್ತು. ಎಂಟು ಅರವತ್ತೆಂಟು. ಚಾರ್ಜರು ಪೀಂ ಎನ್ನುವ ಮೊದಲೇ ಹಂಪಯ್ಯನ ಬಾಯಿಂದ "ಸಾಕಂತ" ಎಂಬ ಮಾತು ಬಂದಿತ್ತು.

ಮೇಲಿನಿಂದ ಇಳಿಯುತ್ತಿದ್ದ ಭವ್ಯ ಮೆಟ್ಟಿಲಲ್ಲೇ ನಿಂತು ಚಪ್ಪಾಳೆ ತಟ್ಟಿದಳು.

ಕಂಪ್ಲಿಯ ಹಲಗೆಗಳು ವರ್ಷವಿಡೀ ಬಿದ್ದು ಮಂಕಾಗಿದ್ದವು. ಮೊದಲ ಸುತ್ತಿನಲ್ಲಿ ಬಲ್ಬು ಮಿಣಮಿಣ ಎಂದು ಬೇಗನೆ ಸತ್ತಿತು. ಎರಡನೆಯ ಸುತ್ತಿಗೆ ಅದೇ ಬಲ್ಬು ಕಣ್ಣು ಬಿಟ್ಟು ಉರಿಯಿತು. ಮೂರನೆಯ ಸುತ್ತಿಗೆ ಜಂಬವ್ವ ಅದರ ಬೆಳಕಿನಲ್ಲಿ ಅಕ್ಕಿಯ ಕಲ್ಲು ಆರಿಸಿದಳು. ಎಲ್ಲವನ್ನೂ ಅಳೆದು, ಸರಿಸಮ ಕಸುವಿನ ಏಳನ್ನು ಹಂಪಯ್ಯ ಬೇರೆ ಇಟ್ಟ. ಹಲಗೆ ಹಲಗೆಗೆ ಕೂಡಿಸುವ ತಾಮ್ರದ ಪಟ್ಟಿಗಳು ಹಸಿರುಗಟ್ಟಿದ್ದವು. ದೇವರ ತಂಬಿಗೆ ತಿಕ್ಕುವ ಹುಣಸೆಹಣ್ಣಿನಲ್ಲೇ ಗಂಗಾ ಅವನ್ನು ತಿಕ್ಕಿ, ತೊಳೆದು, ಬಿಸಿಲಿಗೆ ಒಣಹಾಕಿದಳು. ಫ್ಯಾನಿನ ರೆಕ್ಕೆಯ ಸಂದಿಗೂ ಹಲ್ಲುಜ್ಜುವ ಬ್ರಷ್ ಹಾಕಿ ಮಣ್ಣು ತೆಗೆದವನು ಗಾದಿಲಿಂಗ. ಯಾರೂ ಅವನಿಗೆ ಹೇಳಿರಲಿಲ್ಲ. ಒಂದು ದಿನ ಡ್ಯೂಟಿ ಮುಗಿಸಿ ಬಂದವನು ಸುಮ್ಮನೆ ಕೂತು ತಿಕ್ಕತೊಡಗಿದ. ಗಂಗಾ ನೋಡಿಯೂ ನೋಡದಂತೆ ಅವನ ಪಕ್ಕ ಚಹಾ ಇಟ್ಟು ಹೋದಳು.

ಕೂಡಿಸುವಾಗ ಹಂಪಯ್ಯ ಗಟ್ಟಿ ಹಲಗೆಗಳನ್ನು ನಡುವಿಗೆ ಹಾಕಿದ. ಸೆಕೆ ಹೆಚ್ಚು ತಗಲುವುದು ಅಲ್ಲಿಗೇ. ಭವ್ಯ ಒಂದೊಂದು ನಟ್ಟನ್ನೂ ಮತ್ತೆ ಮುಟ್ಟಿ ನೋಡಿ, ಸಾಲಿನ ಆ ತುದಿಯಿಂದ ಈ ತುದಿಗೆ ಅಳೆದು, ತಲೆಯಾಡಿಸಿದಳು. ಜಂಬವ್ವ ಎಲೆಯಡಿಕೆ ಚೀಲದಿಂದ ಕಿತ್ತಳೆ ಪ್ಲಗ್ ತೆಗೆದು, ಸುಣ್ಣ ಒರೆಸಿ ಕೊಟ್ಟಳು.

*

ಪಾಡ್ಯದ ಮರುದಿನ ಬೆಳಿಗ್ಗೆ ಮನೋಹರ ಎಳೆಯುವ ಗಾಡಿ ತಂದು ಅಂಗಳದ ಬಾಯಿಗೆ ಅಡ್ಡ ನಿಲ್ಲಿಸಿದ. ಹುಕ್ಕು, ಹಗ್ಗ, ಇಬ್ಬರು ಆಳು. ಓಣಿಯವರೂ ನೆರೆದಿದ್ದರು. ಗಂಗಾ ಸ್ಟೀರಿಂಗಿನ ಹಿಂದೆ ಕೂತಿದ್ದಳು. ಗಾದಿಲಿಂಗ ಮಾತ್ರ ಬೇವಿನ ಮರದ ಹಿಂದೆ, ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ.

ಮನೋಹರ ಕಾರಿನ ಬಾನೆಟ್ಟಿಗೆ ಕೈ ಊರಿ ನಿಂತ. "ಹೂಂ, ಚಾಲೂ ಮಾಡವ್ವ. ಬಿಸಲಾಗತೈತಿ."

ಗಂಗಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಮಾಡಿ ಭಾಳ ಹೊತ್ತಾತಣ್ಣ. ನಿಮ್ಮ ಗಾಡಿ ತೆಗೀರಿ, ನಾ ಹೋಗಬೇಕು."

ಮನೋಹರ ಬಗ್ಗಿ ಕಿವಿ ಕೊಟ್ಟ. ಏನೂ ಇಲ್ಲ. ಕಾರು ಒಂದು ಗೇಣು ಮುಂದೆ ಸರಿದು ಅವನ ಮೊಣಕಾಲಿಗೆ ಮೆಲ್ಲಗೆ ತಾಗಿತು. ಅವನು ಹಾರಿ ಹಿಂದೆ ಸರಿದ ಪರಿಗೆ ಓಣಿಯೇ ನಕ್ಕಿತು. ಅವನ ಆಳುಗಳೂ ನಕ್ಕರು. ಕೊನೆಗೆ ಅವನೂ ನಕ್ಕ.

"ಅಯ್ಯಪ್ಪ! ಕಳ್ಳ ಬೆಕ್ಕು ಇದ್ದಂಗ ಐತಲ್ಲೋ ಇದು!" ಎಂದು ಗಾದಿಲಿಂಗನ ಕಡೆ ಕೈ ಎತ್ತಿದ. "ತಗೋಳೋ ಮಾರಾಯ, ನಿನ್ನ ಮಾತು ನಿನಗ ವಾಪಸ್. ಹಂಪಯ್ಯಣ್ಣ, ಬರೋ ವಾರ ಒಂದು ಪೆಟ್ಟಿಗಿ ಕಳಿಸ್ತೀನಿ. ಅಂಗಡಿ ಬಾಗಿಲು ತೆರೆದಿಟ್ಟಿರ್ರಿ."

ಎಳೆಯುವ ಗಾಡಿ ಬರಿಗೈಯಲ್ಲಿ ತಿರುಗಿ ಹೋಯಿತು.

ಏರು ಹತ್ತಿಸಿ ನೋಡದೆ ಹೋಟೆಲಿನವರಿಗೆ ಹ್ಞೂಂ ಎನ್ನಬೇಡ ಎಂದು ಹಂಪಯ್ಯ ಪಟ್ಟು ಹಿಡಿದ. ಹೀಗಾಗಿ ಸಂಡೂರು ಕಡೆ ಹೊರಟರು. ಮುಂದೆ ಹಂಪಯ್ಯ, ಹಿಂದೆ ಜಂಬವ್ವ, ರಜೆಯಲ್ಲಿದ್ದ ಭವ್ಯ. ಬಾಗಿಲು ಹಾಕುವಷ್ಟರಲ್ಲಿ ಗಾದಿಲಿಂಗ ಓಡಿಬಂದು ಜಂಬವ್ವನ ಪಕ್ಕ ತೂರಿಕೊಂಡ.

"ಟೊಪ್ಪಿಗಿ ತೆಗಿಯೋ ಮಾರಾಯ, ನನ್ನ ಕೊಪ್ಪಿಗಿ ಬಡಿತೈತಿ," ಅಂದಳು ಜಂಬವ್ವ.

ಗುಡ್ಡದ ಏರು ಬಂತು. ಇಷ್ಟು ದಿನ ಇಲ್ಲಿಗೆ ಬಂದರೆ ಕೆಂಪು ದೀಪ ಹತ್ತಿ ಕಾರು ಏದುಸಿರು ಬಿಡುತ್ತಿತ್ತು. ಗಂಗಾಳ ಬೆರಳುಗಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದವು. ಎದುರಿನಿಂದ ಅದಿರು ಲಾರಿಗಳ ಸಾಲು. ಮೊದಲ ತಿರುವು, ಎರಡನೆಯದು. ಐದು ಜನರನ್ನು ಹೊತ್ತ ಕಾರು ಏರುತ್ತಲೇ ಹೋಯಿತು. ದೀಪ ಹತ್ತಲಿಲ್ಲ. ನೆತ್ತಿ ಮುಟ್ಟಿದ ಮೇಲೆ ಗಾದಿಲಿಂಗನೇ ಮೊದಲು ಬಾಯಿಬಿಟ್ಟ: "ಮಸ್ತ್ ಎಳಿತೈತಿ ಲೇ!"

"ಲೇ ಅನ್ನೋದು ಕಾರಿಗೋ ನಂಗೋ?" ಅಂದಳು ಗಂಗಾ. ಕನ್ನಡಿಯಲ್ಲಿ ಅವಳ ಕಣ್ಣು ತುಂಬಿದ್ದು ಅವನಿಗೆ ಕಂಡಿತು. ಅವನು ಕಿಟಕಿಯ ಆಚೆ ನೋಡಿದ. ಅವಳು ರಸ್ತೆ ಬದಿಗೆ ಕಾರು ನಿಲ್ಲಿಸಿ, ಫೋನ್ ತೆಗೆದು, ಹೋಟೆಲಿಗೆ ಬರುತ್ತೇನೆಂದು ಎರಡೇ ಮಾತಿನಲ್ಲಿ ಹೇಳಿ ಇಟ್ಟಳು.

ಇಳಿಜಾರಿನಲ್ಲಿ ಎಂಜಿನ್ ತಾನೇ ಸುಮ್ಮನಾಯಿತು. ಬ್ರೇಕು ಮುಟ್ಟಿದಾಗಲೆಲ್ಲ ಬ್ಯಾಟರಿ ತುಂಬುತ್ತ, ಪರದೆಯ ಮೇಲಿನ ಹಸಿರು ಗೆರೆ ಒಂದೊಂದಾಗಿ ಏರುತ್ತಿತ್ತು. ತಿರುವಿನಲ್ಲಿ ಕುರಿಹಿಂಡು ರಸ್ತೆ ತುಂಬಿಕೊಂಡು ನಡೆದಿತ್ತು. ಕಾರು ಬಂದದ್ದು ಕುರಿಗಳಿಗೂ ಗೊತ್ತಾಗಲಿಲ್ಲ, ಮುಂದೆ ನಡೆದಿದ್ದ ಕುರುಬನಿಗೂ ಗೊತ್ತಾಗಲಿಲ್ಲ. ಗಂಗಾ ಹಾರ್ನ್ ಮಾಡಲಿಲ್ಲ. ಅವುಗಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹಿಂದೆಯೇ ಇಳಿದಳು.

ಕಿಟಕಿಯಿಂದ ಬೆಟ್ಟದ ತಣ್ಣನೆಯ ಗಾಳಿ ಬರುತ್ತಿತ್ತು. ಹಂಪಯ್ಯನ ಕೈಯಿಂದ ನಾಲ್ಕು ಒಳ್ಳೆಯ ಹಲಗೆ ಹೋಗಿದ್ದವು. ಕಾರು ಗಂಗಾಳದಾಗಿಯೇ ಉಳಿಯಿತು.